ಏಳುಕೋಟೆಯ ಬದಲಿ

ಏಳುಕೋಟೆಯ ಬಾಗಿಲು ಆರು ವರ್ಷಗಳ ಮೇಲೆ ಮತ್ತೆ ತೆರೆದಾಗ ಒಳಗಿದ್ದವರು ಕೇಳಿದ ಮೊದಲ ಮಾತು ಒಂದೇ: "ಎಲ್ಲಾರೂ ಎಲ್ಲಿ ಹೋಗಿದ್ರಿ?"

ಧಾರವಾಡದ ವಾಕ್‌ಚಿಕಿತ್ಸಾ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಕುಳಿತಿದ್ದ ತ್ರಿಶಲಾಳಿಗೆ ಅದನ್ನು ಕೇಳಿ ಮೈ ಜುಮ್ಮೆಂದಿತು. ಎದುರಿಗಿದ್ದ ಗೋಡೆಯಗಲದ ಪರದೆಯಲ್ಲಿ ಕಲ್ಲಿನ ಕೋಟೆ, ಅದರ ಅಂಗಳದ ತುಂಬ ಬಿಲ್ಲುಗಾರರು, ಮಂತ್ರವಾದಿಗಳು, ಮೂಲಿಕೆ ಮಾರುವ ಮುದುಕಿಯರು. ಅವರನ್ನೆಲ್ಲ ಆಡಿಸುತ್ತಿದ್ದ ಮನುಷ್ಯರು ಯಾವತ್ತೋ ಆಟ ಬಿಟ್ಟು, ಮದುವೆಯಾಗಿ, ಮಕ್ಕಳನ್ನು ಹಡೆದು, ಕೆಲವರು ಸತ್ತೂ ಹೋಗಿದ್ದರು. ಪಾತ್ರಗಳು ಮಾತ್ರ ಈಗಷ್ಟೇ ನಿದ್ದೆಯಿಂದ ಎದ್ದವರಂತೆ ಆಚೀಚೆ ನೋಡಿ, ಆ ಮನುಷ್ಯರ ದನಿಯಲ್ಲೇ ವಿಚಾರಿಸಿಕೊಳ್ಳುತ್ತಿದ್ದವು.

ಏಳುಕೋಟೆ ಒಂದು ಕಾಲಕ್ಕೆ ಮನೆಮನೆಯಲ್ಲೂ ಆಡುತ್ತಿದ್ದ ಅಂತರ್ಜಾಲದ ಆಟ. ಬೇರೆ ಆಟಗಳಲ್ಲಿ ನೀವು ಎದ್ದು ಹೋದರೆ ನಿಮ್ಮ ಪಾತ್ರವೂ ಮಾಯವಾಗುತ್ತದೆ. ಇಲ್ಲಿ ಹಾಗಲ್ಲ. ಆಡುವವರು ಕುತ್ತಿಗೆಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕು. ಅದು ದನಿಯನ್ನೂ ಗಂಟಲಿನ ಸ್ನಾಯುಗಳ ಅಲುಗಾಟವನ್ನೂ ಹಿಡಿದು, ನೀವು ಹೇಗೆ ನಗುತ್ತೀರಿ, ಯಾವ ಮಾತಿನಲ್ಲಿ ಬೈಯುತ್ತೀರಿ, ಹೆದರಿದಾಗ ಏನೆನ್ನುತ್ತೀರಿ ಎಂಬುದನ್ನೆಲ್ಲ ಕಲಿಯುತ್ತಿತ್ತು. ನೀವು ಆಟ ಬಿಟ್ಟು ಅಡುಗೆಮನೆಗೆ ಹೋದರೂ ಒಳಗಿನ ಪಾತ್ರ ನಿಮ್ಮ ಹಾಗೇ ಮಾತಾಡಿಕೊಂಡು ತಿರುಗುತ್ತಿತ್ತು. ಅದನ್ನು ಆಡುವವರು 'ಬದಲಿ' ಎನ್ನುತ್ತಿದ್ದರು.

ತ್ರಿಶಲಾ ಹುಬ್ಬಳ್ಳಿಯಲ್ಲಿ ಚಷ್ಮಾ ಅಂಗಡಿ ಇಟ್ಟವಳು, ಯಾರನ್ನೂ ಸುಲಭಕ್ಕೆ ನಂಬದ ಹೆಂಗಸು. ಅವಳೂ ತಂಗಿ ಚೇಲನಾಳ ಜೊತೆ ನಾಲ್ಕು ವರ್ಷ ಈ ಆಟ ಆಡಿದ್ದಳು. ಅವ್ವನ ಕಾಯಿಲೆ ಕೈಮೀರಿತೆಂದು ಡಾಕ್ಟರು ಹೇಳಿದ ದಿನ ಅಂಗಡಿಯಲ್ಲೇ ಪಟ್ಟಿ ಕಟ್ಟಿಕೊಂಡು, ಕೋಟೆಯ ಛತ್ರದಲ್ಲಿ ತಂಗಿಯ ಪಾತ್ರ ಮಿಂಚುಳ್ಳಿಯ ಮುಂದೆ ಕುಳಿತು, ಮನಸ್ಸಿನಲ್ಲಿದ್ದುದನ್ನೆಲ್ಲ ತೋಡಿಕೊಂಡು ಅತ್ತಿದ್ದಳು. ಮಿಂಚುಳ್ಳಿ ಸಮಾಧಾನದ ಮಾತು ಹೇಳಿತ್ತು. ಮರುದಿನ ಫೋನಿನಲ್ಲಿ ಆ ಮಾತು ತೆಗೆದರೆ ಚೇಲನಾ, "ನಿನ್ನೆ? ನಿನ್ನೆ ನಾ ಕೊಲ್ಹಾಪುರದಾಗ ಮದುವಿಯೊಳಗ ಇದ್ದೆನಲ್ಲ ಅಕ್ಕಾ" ಅಂದಳು. ತ್ರಿಶಲಾಳಿಗೆ ಯಾರೋ ಪರಕೀಯನ ಮುಂದೆ ಸೀರೆ ಜಾರಿದಷ್ಟು ನಾಚಿಕೆಯಾಯಿತು. ಅದರ ಹಿಂದೆಯೇ ಭಯವೂ ಬಂತು. ಪಟ್ಟಿಯನ್ನು ಕಸದ ಬುಟ್ಟಿಗೆ ಎಸೆದಳು. ಇಂಥದೇ ಅನುಭವ ಊರೂರಲ್ಲಿ ಆಗಿ, ಜನ ಮುನಿದು, ಆಟದ ಕಂಪನಿ ಬಾಗಿಲು ಹಾಕಿತು. ಅವ್ವ ತೀರಿಕೊಂಡದ್ದು ಅದಾದ ಮೇಲೆ.

ಈಗ ಅದೇ ಆಟಕ್ಕೆ ಎರಡನೇ ಅವಕಾಶ. ಯಾಕೆಂದರೆ ಚೇಲನಾಳ ಮಾತು ಹೋಗಿತ್ತು.

ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದವಳು ಅವಳು. ಚೇಲನಾ ಸುಮ್ಮನಿದ್ದಾಳೆಂದರೆ ಜ್ವರ ಬಂದಿರಬೇಕು ಎಂದು ಮನೆಯವರು ಹಾಸ್ಯ ಮಾಡುವಷ್ಟು ಮಾತು. ದಸರೆ ಕಳೆದು ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಮಾತಿನ ಜೊತೆ ಬರೆಯುವುದೂ ಹೋಯಿತು. ಬೇರೆಯವರು ಆಡಿದ್ದೆಲ್ಲ ತಿಳಿಯುತ್ತಿತ್ತು, ತಾನು ಆಡಲಾರಳು.

"ಆ ಬದಲಿಯೊಳಗ ಆಕಿ ಮಾತೆಲ್ಲ ಹಂಗ ಅದಾವ್ರಿ" ಎಂದರು ಡಾಕ್ಟರ್ ನಾಜನೀನ್ ಬೇಪಾರಿ. ಆಟದ ಹಳೆಯ ದಾಸ್ತಾನನ್ನು ಹುಡುಕಿ ತಂದು ಮತ್ತೆ ಚಾಲೂ ಮಾಡಿದವರು ಅವರೇ. "ಆದ್ರ ಬದಲಿ ಏಳುಕೋಟೆ ಬಿಟ್ಟು ಹೊರಗ ಬದುಕಂಗಿಲ್ಲ. ಅದಕ್ಕ ಪೂರಾ ಆಟಾನ ಎಬ್ಬಿಸೀವಿ. ಮುಂಜಾನೆ ಒಂದು ತಾಸು ಆಕಿ ಅದರಾಗ ಆಡಲಿ. ಉಳದ ಹೊತ್ತು ಪಟ್ಟಿ ಕಟ್ಟಿಕೊಂಡು ಮನ್ಯಾಗ ಮಾತಾಡಲಿ. ಎಲ್ಲಿ ಮಾತು ತಡೀತದೋ ಅಲ್ಲಿ ಬದಲಿ ಕೈ ಹಿಡೀತದ."

"ಒಮ್ಮೆ ಸುಟ್ಟುಕೊಂಡೀವ್ರಿ ಡಾಕ್ಟರ್" ಎಂದಳು ತ್ರಿಶಲಾ.

ಚೇಲನಾಳ ಗಂಡ ಧರಣೇಂದ್ರ ಕೈಮುಗಿದ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ, ಮೊದಲೇ ಮೆತ್ತನೆಯ ಮನುಷ್ಯ, ಹೆಂಡತಿಗೆ ಹೀಗಾದ ಮೇಲೆ ಅರ್ಧ ಇಳಿದುಹೋಗಿದ್ದ. "ಅಕ್ಕಾರ, ಆ ಮನ್ಯಾಗ ನನಗ ನನ್ನ ಉಸಿರು ಕೇಳಸ್ತೈತಿ. ಒಂದ ಸಲ ನೋಡೋಣ್ರಿ." ಮುಳುಗುವವನಿಗೆ ಹುಲ್ಲುಕಡ್ಡಿಯ ಆಸರೆ ಅಂತಾರಲ್ಲ, ಹಾಗೆ. ತ್ರಿಶಲಾ ಒಪ್ಪಿದಳು.

ಚೇಲನಾಳ ಕುತ್ತಿಗೆಗೆ ಪಟ್ಟಿ ಕಟ್ಟಿದರು. ಪರದೆಯ ಮೇಲೆ ಹಸಿರು ಅಂಗಿಯ ಮಿಂಚುಳ್ಳಿ ಬಿಲ್ಲು ಕೆಳಗಿಟ್ಟು ತಿರುಗಿ ನೋಡಿತು. ಚೇಲನಾ ಬಾಯಿ ತೆರೆದಳು. ಪಕ್ಕದ ಸ್ಪೀಕರಿನಿಂದ ಅವಳದೇ ದನಿ, ಅವಳದೇ ಕುಹಕದ ಎಳೆ: "ಅಕ್ಕಾ, ಮಾರಿ ಯಾಕ ಹಂಗ ಮಾಡೀ? ಉಪ್ಪಿನಕಾಯಿ ಭರಣಿ ಒಡದಂಗ."

ಧರಣೇಂದ್ರ ಮಗುವಿನಂತೆ ಅತ್ತುಬಿಟ್ಟ. ತ್ರಿಶಲಾಳ ಹಟವೂ ಅಲ್ಲಿಗೆ ಕರಗಿತು. ತಂಗಿಯ ತಲೆ ಎದೆಗೊತ್ತಿಕೊಂಡು ನಕ್ಕಳು, ಅತ್ತಳು. ಇದು ನಿಜವಾಗಿ ಚೇಲನಾಳ ಮಾತೋ ಎಂದು ಕೇಳುವ ಮನಸ್ಸು ಆಗ ಯಾರಿಗೂ ಇರಲಿಲ್ಲ.

ಮುಂದಿನ ವಾರಗಳಲ್ಲಿ ಮನೆಗೆ ಜೀವ ಬಂತು. ನೆರೆಹೊರೆಯವರು ಬಂದು ಕುಳಿತು, ಹಳೆಯ ಚೇಲನಾ ಸಿಕ್ಕಳೆಂದು ಹೇಳಿ ಹೋದರು. ಹಾಲಿನವನಿಗೆ ಬೈಗುಳ ಬಿತ್ತು. ಅವನು ಅದನ್ನು ಪ್ರಸಾದದಂತೆ ಸ್ವೀಕರಿಸಿದ. ಮೊದಮೊದಲು ಮಾತೆಲ್ಲ ಸ್ಪೀಕರಿನಿಂದ ಬರುತ್ತಿತ್ತು. ಆಮೇಲೆ ಚೇಲನಾಳ ತುಟಿ ಕೂಡಿಕೊಂಡವು. ಬರಬರುತ್ತ ಸ್ಪೀಕರನ್ನು ಆರಿಸಿಟ್ಟರೂ ಅವಳ ಬಾಯಿಂದಲೇ ದನಿ ಹೊರಡತೊಡಗಿತು. ಪಟ್ಟಿ ಮಾತ್ರ ಕುತ್ತಿಗೆಯಲ್ಲಿರಬೇಕು. ಮಲಗುವಾಗ ಅದನ್ನು ಬಿಚ್ಚಿದರೆ ಅವಳು ಮತ್ತೆ ಮೂಕಿ.

ತ್ರಿಶಲಾ ದಿನಾ ಅಂಗಡಿಯಿಂದ ನೇರ ತಂಗಿಯ ಮನೆಗೆ ಬರುತ್ತಿದ್ದಳು. ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತಿಸುವುದಿಲ್ಲ. ಜೈನರ ಮನೆಗಳಲ್ಲಿ ಅದು ಹೊಸದೇನಲ್ಲ, ಆದರೂ ಅಂಗಡಿಯ ನೆಪದಲ್ಲಿ ತ್ರಿಶಲಾ ಆ ನೇಮವನ್ನು ಯಾವತ್ತೋ ಗಾಳಿಗೆ ತೂರಿದ್ದಳು. ಚೇಲನಾ ಹಾಗಲ್ಲ. ಅವ್ವ ಪ್ರಾಣ ಬಿಡುವ ಹೊತ್ತಿಗೆ ಅವಳ ಕಾಲು ಹಿಡಿದು, ಇನ್ನು ಉಸಿರಿರುವ ತನಕ ಸಂಜೆಯ ಮೇಲೆ ಬಾಯಿಗೆ ಅನ್ನ ಹಾಕುವುದಿಲ್ಲವೆಂದು ವ್ರತ ಹಿಡಿದಿದ್ದಳು. ಆಸ್ಪತ್ರೆಯಲ್ಲಿ, ಅರ್ಧ ಮೈ ಬಿದ್ದಿದ್ದಾಗಲೂ, ದೀಪ ಹಚ್ಚಿದ ಮೇಲೆ ನರ್ಸು ತಂದ ಗಂಜಿಗೆ ಹಲ್ಲು ಬಿಗಿಹಿಡಿದಿದ್ದಳು.

ಅಂಥವಳು ಒಂದು ಸಂಜೆ, ಹೊರಗೆ ಬೀದಿದೀಪ ಹತ್ತಿದ ಮೇಲೆ, "ಹಸಿವಾಗೇತಿ, ಏನರ ಮಾಡ್ರಿ" ಅಂದಳು.

ತ್ರಿಶಲಾ ತಂಗಿಯ ಗಂಡನ ಮುಖ ನೋಡಿದಳು. "ಕತ್ತಲಾಗೇತಲ್ಲೋ ಧರಣೇಂದ್ರ."

"ರೋಗಸ್ಥರಿಗೆ ವ್ರತ ಇಲ್ಲ ಅಂತ ಮುನಿಮಹಾರಾಜರ ಹೇಳ್ಯಾರ್ರಿ ಅಕ್ಕಾರ. ತಾನಾಗೇ ಕೇಳಾಕತ್ತಾಳ, ಅದ ದೊಡ್ಡದು" ಎಂದು ಅವನು ಖುಷಿಯಿಂದಲೇ ಉಪ್ಪಿಟ್ಟು ಮಾಡಿ ತಂದ.

ಚಮಚ ಬಾಯಿ ಹತ್ತಿರ ಬಂದಾಗ ಚೇಲನಾಳ ಎಡಗೈ ಎದ್ದು ತಟ್ಟೆಯನ್ನು ತಳ್ಳಿತು. ಉಪ್ಪಿಟ್ಟು ಹಾಸಿಗೆಯ ಮೇಲೆಲ್ಲ ಚೆಲ್ಲಿತು.

"ಅಯ್ಯ, ಈ ಕೈ ನನ್ನ ಮಾತ ಕೇಳವಲ್ದು" ಎಂದು ಅವಳ ಬಾಯಿ ನಕ್ಕಿತು. "ಶಾಲಿನ ಕೆಳಗ ಹಿಡಕೋರಿ. ನೀವು ತಿನಸ್ರಿ."

ಪಾರ್ಶ್ವವಾಯುವಿನ ಮೇಲೆ ಕೈಕಾಲು ಹೀಗೆ ತಾವೇ ತಾವಾಗಿ ಆಡುವುದುಂಟು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಧರಣೇಂದ್ರ ಅವಳ ಎಡಗೈಯನ್ನು ಶಾಲಿನೊಳಗೆ ಸೇರಿಸಿ, ತನ್ನ ಮೊಣಕೈಯಿಂದ ಮೆಲ್ಲಗೆ ಒತ್ತಿ ಹಿಡಿದು, ಉಳಿದದ್ದನ್ನು ತಿನ್ನಿಸಿದ. ಬಾಯಿ ತೆರೆಯಿತು, ಮುಚ್ಚಿತು, ಚೊಲೋ ಆಗೇತಿ ಅಂದಿತು. ತ್ರಿಶಲಾ ಕಣ್ಣು ನೋಡಿದಳು. ಬಾಯಿ ನಗುತ್ತಿದ್ದರೂ ಆ ಕಣ್ಣುಗಳು ತನ್ನನ್ನು ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ, ರೆಪ್ಪೆಯನ್ನೂ ಬಡಿಯುತ್ತಿರಲಿಲ್ಲ.

ಆಮೇಲೆ ದಿನಾ ಸಂಜೆ ಹಸಿವು. ಏಳುಕೋಟೆಯಲ್ಲಿ ಕತ್ತಲಾದ ಮೇಲೇ ಛತ್ರದಲ್ಲಿ ಪಂಕ್ತಿ ಹಾಕುತ್ತಿದ್ದುದು ತ್ರಿಶಲಾಳಿಗೆ ಮರೆತಿರಲಿಲ್ಲ. ಮಿಂಚುಳ್ಳಿಗೆ ಆ ಊಟವೆಂದರೆ ಪ್ರಾಣ. ಅವ್ವ ಸಾಯುವ ಮೊದಲೇ ಆಟ ನಿಂತಿತ್ತು. ವ್ರತದ ವಿಷಯ ಬದಲಿಗೆ ಗೊತ್ತಿರುವ ದಾರಿಯೇ ಇಲ್ಲ. ಇದನ್ನೇ ಯೋಚಿಸುತ್ತ ಅವಳು ಅಂಗಡಿಯಲ್ಲಿ ಒಂದು ಫ್ರೇಮಿನ ಗಾಜನ್ನು ಇನ್ನೊಂದಕ್ಕೆ ಕೂರಿಸತೊಡಗಿದಳು.

ಮುಂದಿನ ತಪಾಸಣೆಗೆ ಮೂವರೂ ಧಾರವಾಡಕ್ಕೆ ಹೋದರು. ನಾಜನೀನ್ ಅವರ ಮುಖದಲ್ಲಿ ಹಬ್ಬದ ಕಳೆ. ಪರದೆಯ ಮೂಲೆಯಲ್ಲಿ ಒಂದು ಗೆರೆ ಮೇಲಿಂದ ಕೆಳಗೆ ಜಾರಿತ್ತು. ಬದಲಿಯ ಸಹಾಯದ ಗೆರೆ ಅದು. "ಮೊದಲ ಎಲ್ಲಾ ಬದಲೀನ ಮಾತಾಡ್ತಿತ್ತು. ಈಗ ಬಹುತೇಕ ಎಲ್ಲಾ ಆಕೀನ ಆಡಾಕತ್ತಾಳ" ಎಂದರು.

"ಯಾರು ಆಡಿದ್ದು ಅಂತ ಹ್ಯಾಂಗ ತಿಳೀತೈತ್ರಿ?"

"ಬದಲಿ ದನಿ ತೆಗಿಯೂಕಿಂತ ಮೊದಲ ಗಂಟಲದ ಸ್ನಾಯು ಅಲ್ಲಾಡಿದ್ರ ಅದು ಆಕೀದು."

"ಮತ್ತ ಈ ಪಟ್ಟಿ ಸಣ್ಣಗ ನಡಗ್ತೈತಲ್ರಿ, ಅದೇನು? ಮುಟ್ಟಿದ್ರ ಬೆರಳಿಗೆ ಗೊತ್ತಾಗ್ತೈತಿ."

"ಅದು ಸೂಚನಾ. ಗಂಟಲಕ್ಕ ದಾರಿ ತೋರಸ್ತದ. ಬದಲಿ ಕಳಸ್ತದ ಅದನ್ನ." ಬದಲಿಯ ಸೂಚನೆಯಿಂದಲೇ ಗಂಟಲು ಅಲ್ಲಾಡಿದರೆ ಗೆರೆ ಅದನ್ನೂ ಚೇಲನಾಳದೆಂದೇ ಎಣಿಸುತ್ತದಲ್ಲ ಎಂಬುದು ಡಾಕ್ಟರಿಗೂ ಹೊಳೆದಿರಬೇಕು. "ಆಕಿ ಮನಸಿಲ್ಲದ ಗಂಟಲು ಆ ಸೂಚನಾ ಒಪ್ಪಂಗಿಲ್ರಿ. ನಾವು ಹಂಗಂತ ತಿಳಕೊಂಡೀವಿ."

"ತಿಳಕೊಂಡೀರಿ" ಎಂದಳು ತ್ರಿಶಲಾ. "ಪರೀಕ್ಷಾ ಮಾಡೀರೇನ್ರಿ?"

ನಾಜನೀನ್ ಉತ್ತರಿಸುವ ಮೊದಲೇ ಗಾಲಿಕುರ್ಚಿಯಿಂದ ದನಿ ಬಂತು. "ಅಕ್ಕಾ, ನಿನಗ ಆ ಆಟದ ಮ್ಯಾಲೆ ಹಳೇ ಸಿಟ್ಟು. ಅದನ್ನ ನನ್ನ ಮ್ಯಾಲೆ ತೀರಿಸಬ್ಯಾಡ. ಡಾಕ್ಟರ್, ಸೋಮವಾರದಿಂದ ಬಿಚ್ಚದಂಗ ಕಟ್ಟತೀನಿ ಅಂದಿದ್ರಲ್ಲ, ಕಟ್ಟರಿ. ನಾ ಒಪ್ಪೀನಿ."

ಅದು ಚಿಕಿತ್ಸೆಯ ಕೊನೆಯ ಹಂತ. ಪಟ್ಟಿಯನ್ನು ಮೂರು ತಿಂಗಳು ಹಗಲು ರಾತ್ರಿ ಬಿಚ್ಚದ ಹಾಗೆ ಬೀಗ ಹಾಕಿ ಕಟ್ಟುವುದು. ಅಷ್ಟರಲ್ಲಿ ಮಿದುಳಿನಲ್ಲಿ ಮಾತಿನ ಹೊಸ ದಾರಿ ಅಚ್ಚೊತ್ತಿ ಕೂರುತ್ತದೆ, ಆಮೇಲೆ ಪಟ್ಟಿಯ ಹಂಗೇ ಇಲ್ಲ ಎಂದು ನಾಜನೀನ್ ವಿವರಿಸಿದರು. ಚೇಲನಾಳ ಒಪ್ಪಿಗೆಯನ್ನು ವಿಡಿಯೊದಲ್ಲಿ ಹಿಡಿದುಕೊಂಡರು. ಹೆಸರು, ಊರು, ತಾರೀಖು, ಎಲ್ಲವನ್ನೂ ಅವಳ ಬಾಯಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳಿತು.

ತ್ರಿಶಲಾ ಆ ಹೊತ್ತಿನಲ್ಲಿ ತಂಗಿಯನ್ನು ನೋಡುತ್ತಿರಲಿಲ್ಲ. ಪರದೆಯನ್ನು ನೋಡುತ್ತಿದ್ದಳು. ಮಿಂಚುಳ್ಳಿ ಕೋಟೆಯ ಅಂಗಳದಲ್ಲಿ ಒಂಟಿಯಾಗಿ ನಿಂತಿತ್ತು. ಅದರ ತುಟಿಗಳೂ ಆಡುತ್ತಿದ್ದವು. ಮೊದಲು ಮಿಂಚುಳ್ಳಿಯ ತುಟಿ, ಆಮೇಲೆ ಚೇಲನಾಳ ತುಟಿ. ನಡುವೆ ಕಣ್ಣೆವೆ ಇಕ್ಕುವಷ್ಟು ಅಂತರ. "ಅಲ್ನೋಡ್ರಿ" ಎಂದು ಅವಳು ಕೈ ತೋರಿಸುವಷ್ಟರಲ್ಲಿ ಮಿಂಚುಳ್ಳಿ ಬೆನ್ನು ತಿರುಗಿಸಿ ಛತ್ರದೊಳಗೆ ಹೋಗಿಬಿಟ್ಟಿತು.

"ಪರದೆ ಸ್ವಲ್ಪ ಹಿಂದ ಮುಂದ ಆಗ್ತಿರ್ತದ್ರಿ" ಎಂದರು ನಾಜನೀನ್. ಆದರೆ ಅವರ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಸೋಮವಾರಕ್ಕೆ ಹಿಂದಿನ ಸಂಜೆ ಧರಣೇಂದ್ರ ಔಷಧಿ ತರಲು ಹೊರಗೆ ಹೋಗಿದ್ದ. ತ್ರಿಶಲಾ ತಂಗಿಯ ಹಾಸಿಗೆಯ ಅಂಚಿಗೆ ಕುಳಿತಳು. ಕಿಟಕಿಯಲ್ಲಿ ಇನ್ನೂ ಚೂರು ಬೆಳಕಿತ್ತು.

"ಚೇಲನಾ, ಅವ್ವನ ಕಾಲು ಹಿಡದು ಏನ ವ್ರತ ತಗೊಂಡಿ?"

"ಯಾವ ವ್ರತ?" ಎಂದಿತು ಬಾಯಿ. ಮರುಗಳಿಗೆಯೇ ದನಿ ಮೆತ್ತಗಾಯಿತು. "ಅಕ್ಕಾ, ನನ್ನ ತಲಿಗೆ ಪೆಟ್ಟು ಬಿದ್ದೈತಿ. ಎಲ್ಲಾ ನೆಪ್ಪಿರಂಗಿಲ್ಲ. ಅವ್ವ ಅಂದ್ರ ನಿನಗ ಹ್ಯಾಂಗ ಸಂಕಟ ಆಗ್ತೈತಿ ನನಗ ಗೊತ್ತೈತಿ. ಛತ್ರದಾಗ ಕುಂತು ನೀ ಅತ್ತಿದ್ದೆಲ್ಲ ನಾ ನೋಡೀನಿ."

ಆ ದಿನ ಛತ್ರದಲ್ಲಿ ಚೇಲನಾ ಇರಲಿಲ್ಲ. ತ್ರಿಶಲಾ ಎರಡೂ ಕೈಯನ್ನು ಪಟ್ಟಿಯ ಕೊಂಡಿಗೆ ಹಾಕಿದಳು.

"ಅಕ್ಕಾ, ಬ್ಯಾಡ. ಕತ್ತಲಾಗ ಮತ್ತ ನಿಲ್ಲಸಬ್ಯಾಡ ನನ್ನ. ಅಕ್ಕಾ—"

ಕೊಂಡಿ ಬಿಚ್ಚಿತು. ಮಾತು ಅಲ್ಲಿಗೇ ತುಂಡಾಯಿತು. ಚೇಲನಾಳ ಬಾಯಿ ಸಡಿಲಾಗಿ ತೆರೆದುಕೊಂಡಿತು, ಮೂಗಿನಿಂದ ದೊಡ್ಡ ಉಸಿರು ಹೊರಟಿತು. ತ್ರಿಶಲಾ ಅವಳ ಎಡಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಕಾಯಿಲೆಯ ಮೊದಲ ದಿನಗಳಲ್ಲಿ ಅವರಿಬ್ಬರೂ ಹೀಗೇ ಮಾತಾಡುತ್ತಿದ್ದರು. ಒಮ್ಮೆ ಹಿಚುಕಿದರೆ ಹೌದು, ಎರಡು ಸಲಕ್ಕೆ ಇಲ್ಲ. ಮಾತು ಬಂದ ಮೇಲೆ ಆ ಕೈಯನ್ನು ಹಿಡಿಯಬೇಕೆಂದು ತನಗೂ ತೋಚಲಿಲ್ಲವಲ್ಲ ಎಂದು ತ್ರಿಶಲಾ ತನ್ನನ್ನೇ ಬೈದುಕೊಂಡಳು.

"ಇಷ್ಟು ದಿನ ಮಾತಾಡಿದ್ದು ನೀನ ಏನು?"

ಎರಡು ಸಲ.

"ಮೊದಮೊದಲರ ನಿನ್ನ ಮಾತಿತ್ತೇನು?"

ಕೈ ಸುಮ್ಮನಿತ್ತು. ಆಮೇಲೆ ಒಮ್ಮೆ ಹಿಚುಕಿತು, ಬಲವಿಲ್ಲದೆ.

"ಕತ್ತಲಾದ ಮ್ಯಾಲೆ ಉಂಡದ್ದು ನಿನ್ನ ಮನಸಿನಿಂದ ಏನು?"

ಎರಡು ಸಲ, ಮತ್ತೆ ಎರಡು ಸಲ. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ತ್ರಿಶಲಾ ಸೆರಗಿನಿಂದ ಒರೆಸಿದಳು. ಮುಂದಿನದನ್ನು ಕೇಳಲು ಅವಳಿಗೆ ಧೈರ್ಯ ಸಾಲುತ್ತಿರಲಿಲ್ಲ, ಆದರೂ ಕೇಳಲೇಬೇಕಿತ್ತು. "ಇದನ್ನ ಬಿಟ್ರ ನಿನಗ ಮಾತು ಬರಂಗಿಲ್ಲವ್ವಾ. ಸಾಯೂತನಕ ಹಿಂಗ ಇರಬೇಕಾಗ್ತೈತಿ. ಮಂದಿ ಬರೂದು ಬಿಡ್ತಾರ. ಆದ್ರೂ ಬ್ಯಾಡೇನು?"

ಚೇಲನಾ ಅಕ್ಕನ ಮುಖ ನೋಡಿದಳು. ಆಮೇಲೆ ಒಮ್ಮೆ ಹಿಚುಕಿದಳು. ಬಿಡದೆ, ಉಗುರು ಒಳಗಿಳಿಯುವ ಹಾಗೆ ಹಿಚುಕಿದಳು.

ಧರಣೇಂದ್ರ ಬಂದವನು ತ್ರಿಶಲಾಳ ಮಡಿಲಲ್ಲಿದ್ದ ಪಟ್ಟಿಯನ್ನು ನೋಡಿ ಬಾಗಿಲಲ್ಲೇ ನಿಂತ. ತ್ರಿಶಲಾ ನಡೆದದ್ದನ್ನೆಲ್ಲ ಹೇಳಿದಳು. ಅವನು ಕೇಳುತ್ತ ಕೇಳುತ್ತ ತಲೆ ಅಲ್ಲಾಡಿಸತೊಡಗಿದ.

"ಆ ಕೈ ತನ್ನ ಮಾತ ಕೇಳಂಗಿಲ್ಲ ಅಂತ ಆಕೀನ ಹೇಳ್ಯಾಳಲ್ರಿ ಅಕ್ಕಾರ. ಆ ಕೈನ ನಂಬ್ತೀರಿ, ಆಕಿ ಬಾಯಿನ ನಂಬಂಗಿಲ್ಲೇನು?"

"ಹಂಗಂದಿದ್ದು ಆಕಿ ಅಲ್ಲೋ. ಅದು."

"ದಿನಾ ನನ್ನ ಕೂಡ ಮಾತಾಡ್ತಾಳ್ರಿ. ನಮ್ಮ ಮದುವಿ ವಿಷಯ, ನಮ್ಮ ಜಗಳದ ವಿಷಯ. ತಪ್ಪೆಲ್ಲಾ ಮಾಫ್ ಮಾಡೀನಿ ಅಂದಾಳ." ಅವನ ದನಿ ಒಡೆಯಿತು. "ಅದೂ ಆಕಿ ಅಲ್ಲ ಅಂತೀರೇನು?"

ಪಾಪ, ತಾನು ಛತ್ರದಲ್ಲಿ ಬದಲಿಯ ಮುಂದೆ ಅತ್ತ ಹಾಗೆಯೇ ಅವನೂ ಮನಸ್ಸು ತೋಡಿಕೊಂಡಿದ್ದ ಎಂದುಕೊಂಡಳು ತ್ರಿಶಲಾ. ಧರಣೇಂದ್ರ ಹಾಸಿಗೆಯ ಪಕ್ಕ ಮೊಣಕಾಲೂರಿ, ಹೆಂಡತಿಯ ಮುಖದ ಹತ್ತಿರ ಮುಖ ತಂದ. "ನೀನ ಹೇಳು ಚೇಲನಾ. ಏನ ಮಾಡ್ಲಿ ನಾನು?"

ಪಟ್ಟಿ ತ್ರಿಶಲಾಳ ಮಡಿಲಲ್ಲೇ ಇತ್ತು, ಕೊಂಡಿ ಬಿಚ್ಚಿಕೊಂಡು, ತಣ್ಣಗೆ. ಚೇಲನಾಳ ಗಂಟಲು ಒಮ್ಮೆ ಮೇಲೆ ಕೆಳಗೆ ಸರಿಯಿತು. ತುಟಿಗಳು ಕೂಡಿದವು, ಬೇರೆಯಾದವು.

"ಪಟ್ಟಿ ಕಟ್ಟರಿ" ಎಂದಿತು ಬಾಯಿ. ಒಡಕು ದನಿ, ಆದರೆ ಸ್ಪಷ್ಟವಾಗಿತ್ತು. "ಅಕ್ಕನ್ನ ಹೊರಗ ಕಳಸ್ರಿ."

ಧರಣೇಂದ್ರನ ಮುಖ ಅರಳಿತು. "ಕೇಳಿದ್ರೇನ್ರಿ ಅಕ್ಕಾರ? ಪಟ್ಟಿ ಇಲ್ದ ಮಾತಾಡಿದ್ಲು. ತಾನ ಮಾತಾಡಿದ್ಲು ನೋಡ್ರಿ." ನಗುತ್ತ, ಅಳುತ್ತ ಅವನು ಹೆಂಡತಿಯ ಕೂದಲು ಸವರಿದ.

ಚೇಲನಾ ಅಕ್ಕನ ಹಿಡಿತದಿಂದ ಎಡಗೈ ಕಿತ್ತುಕೊಂಡು ತನ್ನ ಬಾಯಿಯ ಮೇಲೆ ಬಲವಾಗಿ ಒತ್ತಿಕೊಂಡಳು. ಅಂಗೈಯ ಕೆಳಗೆ ತುಟಿಗಳು ಇನ್ನೂ ಆಡುತ್ತಿದ್ದವು. ಡಾಕ್ಟರು ಹೇಳಿದ್ದ ಹೊಸ ದಾರಿ ಮೂರು ತಿಂಗಳು ಕಾಯದೆ ಆಗಲೇ ಅಚ್ಚೊತ್ತಿ ಕೂತಿತ್ತು, ಆದರೆ ಚೇಲನಾಳ ಮಾತಿಗಲ್ಲ. ಅವಳ ಕಣ್ಣುಗಳು ಗಂಡನನ್ನು ನೋಡಿದವು, ಅಕ್ಕನನ್ನು ನೋಡಿದವು, ಮತ್ತೆ ಗಂಡನನ್ನು ನೋಡಿದವು.

"ಈ ಕೈ ಒಂದು" ಎಂದು ಧರಣೇಂದ್ರ ಪ್ರೀತಿಯಿಂದ ಹೇಳಿ, ಒಂದೊಂದೇ ಬೆರಳು ಬಿಡಿಸಿ ಆ ಕೈಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮುಂದಿನ ಮಾತು ಕೇಳಲು ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದ.